ಯಜಮಾನನ ಕಾಲಾನಂತರ ಜಮೀನಿನ ಹಕ್ಕು: ಉಯಿಲು, ಪ್ರೊಬೇಟ್ ಮತ್ತು ಪೌತಿ ಖಾತೆ

ಭೂಮಿಯ ಸಾರವನ್ನು ಹೆಚ್ಚಿಸುವ ಉಪಾಯಗಳನ್ನು ರೈತರು ಆಸಕ್ತಿಯಿಂದ ವಿಚಾರಿಸುವುದುಂಟು. ಆ ಭೂಮಿಯು ತಮ್ಮ ತರುವಾಯ ಯಾರಿಗೆ, ಯಾವ ಕ್ರಮದಿಂದ ಸೇರತಕ್ಕದ್ದೆಂಬುದನ್ನು ವಿಚಾರಿಸುವವರು ವಿರಳ. ಯಜಮಾನನು ತೀರಿಕೊಂಡು ಹಲವು ವರ್ಷಗಳಾದರೂ ಪಹಣಿಯಲ್ಲಿ ಅವನ ಹೆಸರೇ ನಡೆದುಬರುತ್ತಿರುವ ಸರ್ವೆ ನಂಬರುಗಳು ನಮ್ಮ ಗ್ರಾಮಗಳಲ್ಲಿ ಬೇಕಾದಷ್ಟಿವೆ. ಅಂಥ ಜಮೀನಿನ ಮೇಲೆ ಸಾಲ ಹುಟ್ಟುವುದು ಕಷ್ಟ. ಬೆಳೆ ಹೋದಾಗ ಪರಿಹಾರ ಪಡೆಯುವುದಕ್ಕೂ ತೊಡಕು. ಯಾವ ಭಾಗವು ಯಾರದೆಂಬ ನಿಶ್ಚಯವಿಲ್ಲದ ಕಾರಣ ಬಾವಿ ತೋಡಿಸುವುದಕ್ಕಾಗಲಿ, ತೆಂಗು ಅಡಿಕೆ ಹಾಕುವುದಕ್ಕಾಗಲಿ ಯಾರಿಗೂ ಧೈರ್ಯ ಬಾರದು.

ಮೊದಲು ತಿಳಿಯತಕ್ಕದ್ದು, ಯಜಮಾನನು ಯಾವುದನ್ನು ಉಯಿಲಿನ ಮೂಲಕ ಕೊಡಬಹುದು ಎಂಬುದು. ಹಿಂದೂ ಕುಟುಂಬದಲ್ಲಿ ಸ್ವಯಾರ್ಜಿತ ಸ್ವತ್ತನ್ನು ಅವನು ಇಷ್ಟಬಂದವರಿಗೆ ಬರೆಯಬಹುದು. ಪಿತ್ರಾರ್ಜಿತವಾದ ಅವಿಭಕ್ತ ಸ್ವತ್ತಿನಲ್ಲಾದರೋ ತನ್ನ ಪಾಲಿಗೆ ಬರತಕ್ಕಷ್ಟನ್ನು ಮಾತ್ರ ಬರೆಯಲು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅಧಿಕಾರ ಕೊಟ್ಟಿದೆ. ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಗಂಡುಮಕ್ಕಳಂತೆಯೇ ಜನ್ಮತಃ ಪಾಲುದಾರರು. ತಂದೆಯು ಆ ತಿದ್ದುಪಡಿಗೆ ಮೊದಲೇ ಮೃತನಾಗಿದ್ದರೂ ಈ ಹಕ್ಕು ತಪ್ಪದೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ತೀರ್ಮಾನಿಸಿದೆ. ೨೦೦೪ನೆಯ ಡಿಸೆಂಬರ್ ೨೦ಕ್ಕೆ ಮೊದಲೇ ರಿಜಿಸ್ಟರಾದ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಿಭಾಗಗಳನ್ನು ಮಾತ್ರ ಕದಲಿಸುವಂತಿಲ್ಲ. ಸ್ತ್ರೀಯರಿಗೆ ಪಾಲೆಂಬುದು ಈ ಸೀಮೆಗೆ ತೀರ ಹೊಸದೂ ಅಲ್ಲ. ಮೈಸೂರು ಸಂಸ್ಥಾನವು ೧೯೩೩ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಶಾಸನ ಮಾಡಿತ್ತು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಪತ್ನಿಯೂ ತಾಯಿಯೂ ಮೊದಲೇ ತೀರಿಕೊಂಡಿರುವ ಯಜಮಾನನೊಬ್ಬನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಪಿತ್ರಾರ್ಜಿತ ಜಮೀನು ೧೨ ಎಕರೆ ಎಂದು ಭಾವಿಸೋಣ. ತಂದೆ ಮತ್ತು ಮೂವರು ಮಕ್ಕಳಿಗೆ ತಲಾ ೩ ಎಕರೆ. ಉಯಿಲಿಲ್ಲದೆ ಅವನು ಮೃತನಾದರೆ ಅವನ ೩ ಎಕರೆಯು ಮೂವರಿಗೂ ಸಮನಾಗಿ ಹೋಗಿ ಒಬ್ಬೊಬ್ಬರಿಗೂ ೪ ಎಕರೆಯಾಗುವುದು. ಅವನು ೧೨ ಎಕರೆಯನ್ನೂ ಗಂಡುಮಕ್ಕಳಿಗೆಂದೇ ಉಯಿಲು ಬರೆದಿಟ್ಟರೂ ಅದು ಅವನ ೩ ಎಕರೆಗೆ ಮಾತ್ರ ಸಲ್ಲುವುದು. ಗಂಡುಮಕ್ಕಳಿಗೆ ನಾಲ್ಕೂವರೆ ಎಕರೆಯಂತೆ ಬರುವುದು, ಮಗಳ ೩ ಎಕರೆಯು ಅವಳದಾಗಿಯೇ ಉಳಿಯುವುದು. ಮದುವೆಯಲ್ಲಿ ಒಡವೆ ಕೊಟ್ಟಿದ್ದೇವೆ, ಅವಳು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದಾಳೆ ಎಂಬ ಸಮಾಧಾನವು ಕೋರ್ಟಿನಲ್ಲಿ ನಿಲ್ಲದು. ಅವಳು ಸ್ವಂತ ಮನಸ್ಸಿನಿಂದ ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರವು ರಿಜಿಸ್ಟರಾಗತಕ್ಕದ್ದು.

ಮುಸಲ್ಮಾನ ಕುಟುಂಬಗಳಲ್ಲಿ ನಿಯಮ ಬೇರೆ: ಉತ್ತರಕ್ರಿಯೆಯ ವೆಚ್ಚ, ಸಾಲಗಳು ತೀರಿದ ಮೇಲೆ ಉಳಿದ ಸ್ವತ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಸಮ್ಮತಿಯಿಲ್ಲದೆ ಮರಣಶಾಸನದಿಂದ ಕೊಡಲಾಗದು.

ಹಿಂದೂ ಉಯಿಲಿಗೆ ಛಾಪಾ ಕಾಗದ ಬೇಡ, ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಬರೆದವನು ರುಜು ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು ಅವನು ಹಾಕಿದ್ದನ್ನು ಕಂಡು, ಅಥವಾ ಅದು ತನ್ನದೆಂದು ಅವನೇ ಹೇಳಿದ್ದನ್ನು ಕೇಳಿ, ಅವನೆದುರಿನಲ್ಲಿಯೇ ತಾವೂ ರುಜು ಮಾಡಬೇಕು. ಇಷ್ಟು ಸುಲಭವಾದುದರಲ್ಲಿಯೇ ಅನೇಕರು ಎಡವುತ್ತಾರೆ. ಬಿಕ್ಕಲಂ ಹಾಕಿದವನು ಬರೆದಿಟ್ಟ ಪತ್ರಕ್ಕೆ ಸಾಕ್ಷಿಗಳು ಮರುದಿನ ತಮ್ಮ ಜಗುಲಿಯಲ್ಲಿ ಕುಳಿತು ರುಜು ಹಾಕಿದರೆ ಉಯಿಲೇ ಬಿದ್ದುಹೋಗುವ ಸಂಭವವುಂಟು. ಸಾಕ್ಷಿಗಳಲ್ಲಿ ಒಬ್ಬನನ್ನಾದರೂ ಮುಂದೆ ಕೋರ್ಟಿನಲ್ಲಿ ವಿಚಾರಿಸಬೇಕಾಗುವುದರಿಂದ ಯಜಮಾನನಿಗಿಂತ ಕಿರಿಯರಾದವರನ್ನು, ಸ್ವತ್ತಿನಲ್ಲಿ ಏನನ್ನೂ ಪಡೆಯದವರನ್ನು ಆರಿಸುವುದು ಲೇಸು. ಮೈಸೂರು ಸೀಮೆಯಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ೧೯೫೮ರಲ್ಲಿ ಹಾಕಿಕೊಟ್ಟ ಸೂತ್ರವು ಇಂದಿಗೂ ನಡೆದಿದೆ: ಉಯಿಲನ್ನು ಹಾಜರುಪಡಿಸುವವನೇ ಅದನ್ನು ಬರೆಯಿಸಲು ಮುಂದಾಗಿ ನಿಂತು ಲಾಭವನ್ನೂ ಪಡೆದಿದ್ದರೆ, ಆ ಸಂಶಯವನ್ನು ನಿವಾರಿಸುವ ಹೊಣೆಯು ಅವನದೇ. ರಿಜಿಸ್ಟರಾದ ಮಾತ್ರಕ್ಕೆ ಈ ಹೊಣೆ ತಪ್ಪದು.

ಪ್ರೊಬೇಟ್ ಎಂದರೆ ಉಯಿಲು ಸಾಚಾ ಎಂದು ಕೋರ್ಟು ಪರೀಕ್ಷಿಸಿ ತನ್ನ ಮೊಹರಿನೊಡನೆ ಕೊಡುವ ಪ್ರತಿ. ಉಯಿಲಿನಲ್ಲಿ ನೇಮಕವಾದ ಕಾರ್ಯನಿರ್ವಾಹಕನಿಗೆ ಮಾತ್ರ ಅದು ದೊರೆಯುವುದು. ಕರ್ನಾಟಕದ ಗ್ರಾಮಗಳ ಹಿಂದೂ ಉಯಿಲಿಗೆ ಇದು ಕಡ್ಡಾಯವಲ್ಲ. ಪ್ರೊಬೇಟ್ ಸಿಕ್ಕಿತೆಂದು ಮೇಲಿನ ಲೆಕ್ಕದ ಮಗಳ ೩ ಎಕರೆಯು ಅಣ್ಣಂದಿರ ಕೈಸೇರುವುದೂ ಇಲ್ಲ. ಉಯಿಲು ನಿಜವೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ, ಸ್ವತ್ತು ಯಾರದೆಂಬುದಲ್ಲ. ಹಾಗೆಯೇ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರವು ಮೃತನಿಗೆ ಬರತಕ್ಕ ಸಾಲ, ಠೇವಣಿ, ಷೇರುಗಳಂಥವಕ್ಕೆ ಸಂಬಂಧಪಟ್ಟದ್ದು. ಜಮೀನಿಗಾಗಿ ಅದನ್ನು ತರಲು ಹೊರಡುವುದು ವ್ಯರ್ಥ ವೆಚ್ಚ.

ಜಮೀನಿಗೆ ಬೇಕಾದುದು ಪೌತಿ ಖಾತೆ. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ಮೇರೆಗೆ ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದು. ತಡವಾದರೆ ಹಕ್ಕೇನೂ ಹೋಗದು. ಇಲ್ಲಿ ಗ್ರಾಮದ ಮುಖಂಡರ ಪಾತ್ರವು ದೊಡ್ಡದು, ಏಕೆಂದರೆ ವಂಶವೃಕ್ಷಕ್ಕೂ ಮಹಜರಿಗೂ ಸಾಕ್ಷಿ ಹಾಕುವವರು ಬಹುಶಃ ಅವರೇ. ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟ ವಂಶವೃಕ್ಷವನ್ನು ಮುಂದಿಟ್ಟು ರುಜು ಕೇಳುವವರು ಸಾಮಾನ್ಯವಾಗಿ ಸ್ನೇಹಿತರೋ ಬಂಧುಗಳೋ ಆಗಿರುತ್ತಾರೆ. ದಾಕ್ಷಿಣ್ಯಕ್ಕೆ ಒಳಗಾಗಿ ಹಾಕಿದ ಆ ಒಂದು ರುಜುವಿನಿಂದ ಖಾತೆಯೇನೋ ಬದಲಾಗುವುದು. ಆದರೆ ಖಾತೆಯು ಕಂದಾಯದ ಲೆಕ್ಕವೇ ಹೊರತು ಸ್ವಾಮ್ಯವನ್ನು ಹುಟ್ಟಿಸುವ ಪತ್ರವಲ್ಲ. ಮಗಳೋ ಅವಳ ಮಕ್ಕಳೋ ಮುಂದೆ ವಿಭಾಗದ ದಾವೆ ಹೂಡಿದಾಗ ಆ ಖಾತೆಯನ್ನು ನಂಬಿ ಕ್ರಯಕ್ಕೆ ಕೊಂಡ ನೆರೆಯ ರೈತನೂ ಕೋರ್ಟಿಗೆ ಅಲೆಯಬೇಕಾಗುವುದು.

ತಕರಾರು ಇದ್ದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ವರಮಾನವನ್ನು ನೋಡದೆಯೇ ಉಚಿತವಾಗಿ ವಕೀಲರನ್ನು ಒದಗಿಸುವರು. ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಸಲಹೆ ಪಡೆಯಬಹುದು. ಲೋಕ ಅದಾಲತಿನಲ್ಲಿ ರಾಜಿಯಾದರೆ ಆ ತೀರ್ಪಿನ ಮೇಲೆ ಅಪೀಲಿಲ್ಲ, ನಡೆಯುತ್ತಿದ್ದ ದಾವೆಯಾದರೆ ಕಟ್ಟಿದ ಕೋರ್ಟು ಶುಲ್ಕವೂ ಹಿಂದಕ್ಕೆ ಬರುವುದು. ರಾಜಿಗೆ ಕುಳಿತುಕೊಳ್ಳುವ ದಿನ ಎಲ್ಲ ಪಾಲುದಾರರೂ ಹಾಜರಿರುವಂತೆ, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿಗಳ ತಪಶೀಲು ಸಿದ್ಧವಾಗಿರುವಂತೆ ಮುಖಂಡರು ನೋಡಿಕೊಳ್ಳತಕ್ಕದ್ದು.