ಹಿತ್ತಿಲಿಗೆ ಗಿಡುಗ ಬಂದರೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಹಿತ್ತಿಲಲ್ಲಿ ಹಕ್ಕಿಗಳಿಗಾಗಿ ತೂಗುಹಾಕಿದ ಕಾಳಿನ ಡಬ್ಬಿಯ ಮುಂದೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಂದು ದಿನ ಆ ಚಿಲಿಪಿಲಿ ತಟ್ಟನೆ ನಿಂತುಬಿಡುತ್ತದೆ. ಚಿಕಡೀ ಹಕ್ಕಿ ಸಣ್ಣ ದನಿಯಲ್ಲಿ ಎಚ್ಚರಿಸಿರುತ್ತದೆ. ಉಳಿದವು ಪೊದೆ ಸೇರಿದರೆ, ಮರಕುಟಿಗ ಕಾಂಡಕ್ಕೆ ಅಂಟಿಕೊಂಡು ಮಿಸುಕದೆ ಕೂರುತ್ತದೆ. ಬೇಲಿಯ ಮರೆಯಿಂದ ತಗ್ಗಿನಲ್ಲೇ ನುಗ್ಗಿ ಬರುವುದು ಬಹುಮಟ್ಟಿಗೆ ಕೂಪರ್ಸ್ ಹಾಕ್ ಎಂಬ ಗಿಡುಗ. ಹೆಚ್ಚುಕಡಿಮೆ ಕಾಗೆ ಗಾತ್ರ, ಗಿಡ್ಡ ರೆಕ್ಕೆ, ಪಟ್ಟೆಪಟ್ಟೆಯ ಉದ್ದ ಬಾಲ, ಬಲಿತದ್ದಾದರೆ ಕೆಂಗಣ್ಣು.

ದಯವಿಟ್ಟು ಕಲ್ಲು ಹೊಡೆಯಬೇಡಿ. ಅಮೆರಿಕದ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ 1972ರಲ್ಲಿ ಗಿಡುಗಗಳಿಗೂ ಸಿಕ್ಕಿತು. ಮೊಟ್ಟೆಯ ಚಿಪ್ಪನ್ನೇ ತೆಳುವಾಗಿಸುತ್ತಿದ್ದ ಡಿಡಿಟಿಗೆ ಅಲ್ಲಿ ನಿಷೇಧ ಬಿದ್ದದ್ದೂ ಅದೇ ವರ್ಷ. ಸಂಖ್ಯೆಯಲ್ಲಿ ಕುಗ್ಗಿದ್ದ ಹಕ್ಕಿ ಚೇತರಿಸಿಕೊಂಡು ಊರೊಳಗೆ ಬಂದಿದೆ, ನನಗಂತೂ ಅದು ಸಂತೋಷವೇ. ಪಾರಿವಾಳದ ಪುಕ್ಕ ಹುಲ್ಲಿನ ಮೇಲೆ ಚೆಲ್ಲಿರುವುದನ್ನು ಕಂಡಾಗ ಹೊಟ್ಟೆ ಕಿವುಚುತ್ತದೆ, ನಿಜ. ಆದರೆ ಗಿಡುಗದ ಎಷ್ಟೋ ದಾಳಿಗಳು ಗುರಿ ತಪ್ಪುತ್ತವೆ.

ನಮ್ಮ ಕೈಲಾದದ್ದನ್ನು ಮಾಡೋಣ. ಹಕ್ಕಿಗಳು ನುಸುಳಲು ಡಬ್ಬಿಯಿಂದ ಸುಮಾರು ಹತ್ತು ಅಡಿ ದೂರದಲ್ಲಿ ದಟ್ಟ ಪೊದೆ ಇರಲಿ. ಬೆದರಿದ ಹಕ್ಕಿ ಕಿಟಕಿ ಗಾಜಿಗೆ ಬಡಿದುಕೊಳ್ಳುವುದು ದೊಡ್ಡ ಅಪಾಯ. ಡಬ್ಬಿಯನ್ನು ಗಾಜಿನಿಂದ ಮೂರು ಅಡಿಯೊಳಗೆ ಇಡಿ, ಇಲ್ಲವೇ ಮೂವತ್ತು ಅಡಿ ಆಚೆ. ಗಿಡುಗ ದಿನವೂ ಬಂದು ಕೂತರೆ ಒಂದೆರಡು ವಾರ ಡಬ್ಬಿ ತೆಗೆದಿಡಿ. ಪುಟ್ಟ ಹಕ್ಕಿಗಳು ಬೇರೆಡೆ ಮೇವು ಹುಡುಕಿಕೊಳ್ಳುತ್ತವೆ, ಗಿಡುಗವೂ ಜಾಗ ಬಿಡುತ್ತದೆ.