ಹುಳಿ ಮೊದಲು, ಬೆಲ್ಲ ಆಮೇಲೆ

ತಮ್ಮಾ, ಗೋಬಿ ಗಾಡಿಯವರು ಹಾಕುವ ಆ ಸಿಹಿ-ಹುಳಿ ಸಾಸನ್ನು ಪುಣೆಯ ಕೋಣೆಯಲ್ಲೇ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀಯ. ಮೊಬೈಲಿನಲ್ಲಿ ಹುಡುಕಿದ್ದರೆ ಅರ್ಧ ನಿಮಿಷದ ಕೆಲಸ. ಅದನ್ನು ಬಿಟ್ಟು ನನ್ನನ್ನು ಕೇಳಿದೆಯಲ್ಲ, ಹಾಗಾಗಿ ಉದ್ದ ಹೇಳಿದರೂ ಕೇಳಿಸಿಕೊಳ್ಳಬೇಕು.

ಈ ರುಚಿ ನಿನಗೆ ಹೊಸದಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹುಡುಗರಿಗೆ ಸಿಹಿ-ಹುಳಿಯ ಮೊದಲ ಪಾಠವೇ ಚಿಗಳಿ. ಬೀಜ, ನಾರು ತೆಗೆದ ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಚೂರು ಖಾರ, ಇಷ್ಟನ್ನು ಒಳಕಲ್ಲಿಗೆ ಹಾಕಿ ಕುಟ್ಟುತ್ತಾರೆ. ಮೊದಮೊದಲು ಎಲ್ಲ ಅಂಟಂಟಾಗಿ ಒನಕೆಯ ಜೊತೆಗೇ ಮೇಲೇಳುತ್ತದೆ. ಬೆಲ್ಲ ಬೆವರಿ ನೀರು ಬಿಟ್ಟ ಮೇಲೆ ಹುಣಸೆ ಸಡಿಲಾಗಿ, ಕಪ್ಪಗೆ ಮಿರಮಿರ ಹೊಳೆಯುವ ಮುದ್ದೆಯಾಗುತ್ತದೆ. ಅಂಗೈಗೆ ಹನಿ ಎಣ್ಣೆ ಸವರಿ ಉಂಡೆ ಕಟ್ಟಿ, ಕಡ್ಡಿಗೆ ಚುಚ್ಚಿ ಕೊಟ್ಟರೆ ಹುಡುಗರು ಅರ್ಧ ದಿನ ತಂಟೆ ಮಾಡುವುದಿಲ್ಲ. ಚಿಗಳಿ ಕುಟ್ಟುವ ಹೆಂಗಸರ ಕೈ ಗಮನಿಸಿದ್ದೀಯಾ? ಅಳತೆಯ ಬಟ್ಟಲು ಇರುವುದಿಲ್ಲ. ಹುಣಸೆಯ ಎಸಳನ್ನು ನಾಲಿಗೆಗೆ ಹಚ್ಚಿ ನೋಡುತ್ತಾರೆ, ಆಮೇಲೆ ಬೆಲ್ಲ ಒಡೆಯುತ್ತಾರೆ.

ಸಾಸಿಗೂ ಕ್ರಮ ಅದೇ. ಹುಳಿಯನ್ನು ಮೊದಲು ರುಚಿ ನೋಡು, ಸಿಹಿ ಆಮೇಲೆ ಹಾಕು. ಯಾಕೆಂದರೆ ಹುಳಿ ಎಷ್ಟಿರಬೇಕು ಎನ್ನುವುದು ಹಣ್ಣಿನ ಕೈಯಲ್ಲಿದೆ, ಸಿಹಿ ಎಷ್ಟಿರಬೇಕು ಎನ್ನುವುದು ಮಾತ್ರ ನಿನ್ನ ಕೈಯಲ್ಲಿದೆ. ಸಕ್ಕರೆ ಸುರಿದು ಶುರು ಮಾಡಿದವನಿಗೆ ತಾನು ಹಾಕಿದ ಉಳಿದ ಸಾಮಾನು ಚೆನ್ನಾಗಿದೆಯೋ ಕೆಟ್ಟಿದೆಯೋ ತಿಳಿಯುವುದೇ ಇಲ್ಲ. ಹಳಸಿದ ಟೊಮ್ಯಾಟೊ, ಹಿಂದಿನ ದಿನದ ಎಣ್ಣೆ, ಮುಗ್ಗಿದ ಮಸಾಲೆ ಎಲ್ಲವೂ ಸಿಹಿಯ ಸೆರಗಿನ ಹಿಂದೆ ಅಡಗುತ್ತವೆ. ಅಂಗಡಿಯ ಸಾಸುಗಳು ಅಷ್ಟೊಂದು ಸಿಹಿ ಇರುವುದು ನನಗೆ ಸುಮ್ಮನೆ ಕಾಣುವುದಿಲ್ಲ.

ಹುಣಸೆಯ ವಿಷಯಕ್ಕೆ ಬರುತ್ತೇನೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ ನಡೆಯುವ ಹೊತ್ತಿಗೆ ಹೊಸ ಹಣ್ಣು ಬರಲು ಶುರುವಾಗುತ್ತದೆ. ಅದು ಕೆಂಪು ಮಿಶ್ರಿತ ಕಂದು ಬಣ್ಣದ್ದು, ಹಲ್ಲು ಚುಮ್ಮೆನಿಸುವ ಹುಳಿ. ವರ್ಷ ಕಳೆದರೆ ಕಪ್ಪಾಗುತ್ತದೆ, ಹುಳಿಯ ಚೂಪು ಇಳಿಯುತ್ತದೆ. ಎರಡೂ ನಡೆಯುತ್ತವೆ, ಆದರೆ ಬೆಲ್ಲದ ಲೆಕ್ಕ ಬೇರೆ. ನೂರು ಗ್ರಾಂ ಹೊಸ ಹುಣಸೆಗೆ ನೂರೈವತ್ತು ಗ್ರಾಂ ಬೆಲ್ಲದಿಂದ ಶುರು ಮಾಡಿ ಇನ್ನೂರರವರೆಗೂ ಹೋಗಬಹುದು, ಹಳೆಯದಕ್ಕೆ ನೂರೈವತ್ತೇ ಸಾಕಾದೀತು. ಇನ್ನೊಂದು ನೆನಪಿಡು: ಹುಳ ಬೀಳದಿರಲೆಂದು ಹುಣಸೆಗೆ ಉಪ್ಪು ಬೆರೆಸಿ ಇಡುವ ರೂಢಿ ಉಂಟು. ಹಾಗಾಗಿ ಸಾಸಿಗೆ ಉಪ್ಪು ಎಲ್ಲಕ್ಕಿಂತ ಕೊನೆಗೆ.

ಬೆಲ್ಲದಲ್ಲೂ ಉಪ್ಪಿರುತ್ತದೆ ಎಂದರೆ ನಗಬೇಡ. ಕೃಷ್ಣಾ ದಂಡೆಯ ಅಥಣಿ, ರಾಯಬಾಗ, ಕಾಗವಾಡದ ಹೊಲಗಳಿಗೆ ವರ್ಷಾನುಗಟ್ಟಲೆ ನೀರು ಹಾಯಿಸಿ ಎಷ್ಟೋ ನೆಲ ಸವಳು-ಜವಳಾಗಿದೆ. ಸವಳು ನೆಲದ ಕಬ್ಬಿನ ಬೆಲ್ಲ ಬಾಯಿಗಿಟ್ಟರೆ ಕೊನೆಗೆ ಉಪ್ಪುಪ್ಪಾಗಿ ಹತ್ತುತ್ತದೆ, ಮಳೆಗಾಲದಲ್ಲಿ ಬೇಗ ನೀರೊಡೆಯುತ್ತದೆ. ಕೊಳ್ಳುವಾಗ ಚೂರು ಮುರಿದು ತಿಂದು ನೋಡು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬಣ್ಣ ನೋಡಿ ಮೋಸ ಹೋಗಬೇಡ. ಹಳದಿಯಾಗಿ ಬಂಗಾರದಂತೆ ಕಾಣಲೆಂದು ಗಾಣದಲ್ಲಿ ಹೈಡ್ರೋಸ್ ಎಂಬ ಬಿಳಿ ಪುಡಿ ಹಾಕುವವರಿದ್ದಾರೆ. ಬೆಂಡೆ ಗಿಡದ ಲೋಳೆ ಹಾಕಿ, ಕೊಪ್ಪರಿಗೆಯ ಮೇಲೆ ಎದ್ದ ಕೊಳೆಯನ್ನು ತೆಗೆದು ಹಾಕುವುದು ಹಳೆಯ ಕ್ರಮ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೇ ಇರುತ್ತದೆ. ಸಾಸಿಗೆ ಅದೇ ಸರಿ, ಹೇಗಿದ್ದರೂ ಹುಣಸೆಯ ಜೊತೆ ಕಪ್ಪಾಗುವುದೇ ಅಲ್ಲವೇ. ಉಗಾರ ಖುರ್ದದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆ ಇದೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಎಲ್ಲ ಕಡೆಯೂ ಕಾರ್ಖಾನೆಗಳಾಗಿವೆ, ನಮ್ಮ ಕಡೆ ಸಕ್ಕರೆಗೆ ಬರವಿಲ್ಲ. ಆದರೂ ಹುಣಸೆಗೆ ಸಕ್ಕರೆ ಹೊಂದುವುದಿಲ್ಲ ಎನ್ನುವುದು ನನ್ನ ತೀರ್ಮಾನ. ಸಿಹಿ ಬೇರೆ, ಹುಳಿ ಬೇರೆಯಾಗಿ ನಾಲಿಗೆಯ ಮೇಲೆ ಉಳಿಯುತ್ತವೆ, ಬೆಲ್ಲ ಹಾಕಿದರೆ ಎರಡೂ ಬೆರೆಯುತ್ತವೆ.

ಈಗ ಮಾಡುವ ಬಗೆ. ಹುಣಸೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸು. ಕೈಯಿಂದ ಚೆನ್ನಾಗಿ ಹಿಸುಕಿ ಜರಡಿಯಲ್ಲಿ ಸೋಸು, ಜರಡಿಯ ಕೆಳಬದಿಗೆ ಅಂಟಿದ ತಿರುಳನ್ನು ಚಮಚದಿಂದ ಕೆರೆದು ಹಾಕು, ಸಾಸಿನ ಗಟ್ಟಿತನ ಇರುವುದೇ ಅದರಲ್ಲಿ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ಕರಗಿಸಿ ಸೋಸಿಕೋ. ತಳದಲ್ಲಿ ಉಳಿಯುವ ಮರಳು, ಕಬ್ಬಿನ ಸಿಬಿರು ನೋಡಿದರೆ ಯಾಕೆ ಹೇಳಿದೆ ಎಂದು ತಿಳಿಯುತ್ತದೆ. ಹುಣಸೆ ರಸವನ್ನು ಮೊದಲು ಒಂದು ಕುದಿ ಬರಿಸಿ ಹಸಿ ವಾಸನೆ ಹೋಗಲಿ, ಆಮೇಲೆ ಬೆಲ್ಲದ ನೀರನ್ನು ಒಂದೇ ಸಲ ಸುರಿಯದೆ ರುಚಿ ನೋಡುತ್ತಾ ಹಾಕು. ಹುರಿದು ಪುಡಿ ಮಾಡಿದ ಜೀರಿಗೆ, ಚಿಟಿಕೆ ಒಣಶುಂಠಿ, ಖಾರಪುಡಿ. ಬಣ್ಣ ಬೇಕೆಂದರೆ ಬ್ಯಾಡಗಿ, ಖಾರ ಬೇಕೆಂದರೆ ನಮ್ಮ ಸಂಕೇಶ್ವರಿ. ಚಮಚ ಅದ್ದಿ ಎತ್ತಿ, ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆ. ಗೆರೆ ಕೂಡಿಕೊಳ್ಳದೆ ನಿಂತರೆ ಒಲೆ ಆರಿಸು. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಒಲೆಯ ಮೇಲೆ ಸ್ವಲ್ಪ ತೆಳ್ಳಗಿರುವಾಗಲೇ ನಿಲ್ಲಿಸಬೇಕು.

ಪಾತ್ರೆ ಸ್ಟೀಲಿನದೇ ಇರಲಿ. ಹಿತ್ತಾಳೆ, ತಾಮ್ರದ ಪಾತ್ರೆಯನ್ನು ಹುಣಸೆ ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದಲ್ಲ, ಹುಣಸೆಯ ಹುಳಿ ಲೋಹವನ್ನು ತಿನ್ನುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ, ಅಲ್ಯುಮಿನಿಯಮ್ ಬೋಗುಣಿಯಲ್ಲಿ ಇದನ್ನು ಕುದಿಸಬಾರದು.

ಇಷ್ಟಾದರೆ ಭೇಳಿಗೆ, ಭಡಂಗಕ್ಕೆ, ಸಮೋಸಾಕ್ಕೆ ಸಾಸು ಆಯಿತು. ಗೋಬಿಯದು ಇದರದೇ ತಮ್ಮ. ಚೀನಾದ ದಕ್ಷಿಣದ ಗ್ವಾಂಗ್‌ಡಾಂಗ್ ಸೀಮೆಯವರು ವಿನೆಗರ್, ಸಕ್ಕರೆ ಕೂಡಿಸಿ ಮಾಡುತ್ತಿದ್ದ ರುಚಿ ಅದು. ನಮ್ಮ ಗಾಡಿಗಳ ಮಂಚೂರಿಗೆ ಮೂಲ ಮುಂಬಯಿ; 1975ರ ಸುಮಾರಿಗೆ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಮೊದಲು ಕೋಳಿಯಲ್ಲಿ ಮಾಡಿದರು ಎನ್ನುತ್ತಾರೆ. ನೀನು ಬಳ್ಳೊಳ್ಳಿ, ಹಸಿಶುಂಠಿ, ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಹುರಿ, ಎರಡು ಟೊಮ್ಯಾಟೊ ರುಬ್ಬಿ ಹಾಕಿ ನೀರು ಆರುವವರೆಗೆ ಬೇಯಿಸು, ಮೇಲೆ ಹೇಳಿದ ಹುಣಸೆ-ಬೆಲ್ಲದ ರಸ ನಾಲ್ಕು ಚಮಚ ಸೇರಿಸಿ ಒಂದು ಬಟ್ಟಲು ನೀರು ಹಾಕು. ಕೊನೆಗೆ ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಿನಲ್ಲಿ ಕದಡಿ ಬಿಡು. ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಹೊಳಪು ಬಂದು ಒಂದು ನಿಮಿಷಕ್ಕೆ ಇಳಿಸಿಬಿಡಬೇಕು. ಹುಳಿಯಲ್ಲಿ ಹೆಚ್ಚು ಹೊತ್ತು ಕುದಿದರೆ ಆ ಪಿಷ್ಟ ಒಡೆದು ಗಟ್ಟಿಯಾಗಿದ್ದ ಸಾಸು ಮತ್ತೆ ನೀರಾಗುತ್ತದೆ. ತೆಳ್ಳಗಾಯಿತೆಂದು ಹಿಟ್ಟಿನ ಮೇಲೆ ಹಿಟ್ಟು ಸುರಿಯುವವರು ಇದನ್ನು ತಿಳಿದಿರುವುದಿಲ್ಲ, ಕೊನೆಗೆ ಅಂಟಿನ ಗಂಜಿ ತಿನ್ನುತ್ತಾರೆ.

ಗಾಡಿಯಲ್ಲಿ ಸಿಗುವ ಕೆಂಪು ಬಣ್ಣ ಬರುವುದಿಲ್ಲ ಎಂದು ನೀನು ದೂರುವುದು ನನಗೆ ಗೊತ್ತು. ಬರಬಾರದು. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಮಾದರಿಗಳನ್ನು ಪರೀಕ್ಷೆಗೆ ಕಳಿಸಿದಾಗ ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಕೂಡ ಸಿಕ್ಕಿತ್ತು. ನಿಷೇಧ ಬಂತು ಎಂದು ಎಲ್ಲ ಗಾಡಿಗಳೂ ರಾತ್ರೋರಾತ್ರಿ ಬದಲಾಗಿವೆ ಎಂದು ನಾನು ನಂಬುವುದಿಲ್ಲ. ಆದರೆ ಗಾಡಿಯವನನ್ನು ಬೈಯುವ ಮೊದಲು ಒಂದು ಯೋಚಿಸು: ಕೆಂಪಗಿದ್ದರೇ ರುಚಿ ಎಂದು ಕೇಳಿದವರು ನೀವೇ ಹುಡುಗರು. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿ ಹಾಕಿದರೆ ಬರುವ ಕೆಂಪು ಸಾಕು.

ಬಾಟಲಿ ಕೊಳ್ಳಲೇಬೇಕಾಗಿ ಬಂದರೆ ಹಿಂಬದಿ ತಿರುಗಿಸಿ ಓದು. ಯಾವ ಸಾಮಾನು ಹೆಚ್ಚು ಇದೆಯೋ ಅದರ ಹೆಸರನ್ನು ಮೊದಲು ಬರೆಯಬೇಕು ಎನ್ನುವುದು ಕಾನೂನು. ಸಕ್ಕರೆ, ನೀರು ಮೊದಲು ಬಂದು ಟೊಮ್ಯಾಟೊ ಹಿಂದೆ ಬಿದ್ದಿದ್ದರೆ ನೀನು ದುಡ್ಡು ಕೊಡುತ್ತಿರುವುದು ಸಕ್ಕರೆ ನೀರಿಗೆ. 260 ಎಂದಿದ್ದರೆ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. 211 ಎಂದರೆ ಸೋಡಿಯಂ ಬೆಂಜೋಯೇಟ್, ಕೆಡದಂತೆ ಹಾಕುವುದು. 110, 122, 124 ಇವು ಕೃತಕ ಬಣ್ಣಗಳು.

ಮನೆಯ ಸಾಸಿಗೆ 211 ಇಲ್ಲ, ಹಾಗಾಗಿ ಎಚ್ಚರಿಕೆ ನಿನ್ನದು. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬು, ಒದ್ದೆ ಚಮಚ ಇಳಿಸಬೇಡ, ಫ್ರಿಜ್ಜಿನಲ್ಲಿಡು. ಹುಣಸೆ-ಬೆಲ್ಲದ ಸಾಸು ಎರಡು ವಾರ ನಿಶ್ಚಿಂತೆಯಿಂದ ಇರುತ್ತದೆ. ಟೊಮ್ಯಾಟೊ, ಬಳ್ಳೊಳ್ಳಿ ಬಿದ್ದ ಗೋಬಿಯ ಸಾಸು ಎರಡು ಮೂರು ದಿನದ ಮೇಲೆ ತಿನ್ನಬೇಡ. ಮೇಲೆ ಬೂಷ್ಟು ಕಂಡರೆ ಆ ಭಾಗ ತೆಗೆದು ಉಳಿದದ್ದು ತಿನ್ನುವ ಜಾಣತನ ಬೇಡ, ಎಲ್ಲ ಚೆಲ್ಲು.

ಯುಗಾದಿಗೆ ಊರಿಗೆ ಬಂದಾಗ ಬೇವು ಕಲಸುವ ಕೆಲಸ ಈ ಸಲ ನಿನಗೇ. ಹುಣಸೆ ನೀರು, ಬೆಲ್ಲ, ಪುಠಾಣಿ ಹಿಟ್ಟು, ಮಾವಿನಕಾಯಿ, ಬೇವಿನ ಹೂವು, ಎಲ್ಲದರ ಹದ ನಿನ್ನ ನಾಲಿಗೆಯೇ ಹೇಳಬೇಕು, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಬರುವಾಗ ಖಾಲಿ ಡಬ್ಬಿ ತಾ. ಹೊಸ ಹುಣಸೆ ಬೀಜ ತೆಗೆದು ಇಟ್ಟಿರುತ್ತೇನೆ, ಎರಡು ಕಿಲೋ ಬೆಲ್ಲವೂ ಗಾಣದಿಂದ ತರಿಸಿಟ್ಟಿರುತ್ತೇನೆ, ಹೊತ್ತುಕೊಂಡು ಹೋಗು.