ಬೈಕ್ ಸವಾರರ ರಕ್ಷಣಾ ಉಡುಪು: 9ನೇ ತರಗತಿಯ ಎರಡು ಅವಧಿಗಳ ಪಾಠಾನುಭವ

ವಿಷಯ: ವಿಜ್ಞಾನ. ಘಟಕ: ಬಲ ಮತ್ತು ಚಲನೆಯ ನಿಯಮಗಳು. ಉಪಘಟಕ: ಸಂವೇಗ ಬದಲಾವಣೆಯ ದರ. ಅವಧಿ: ತಲಾ 40 ನಿಮಿಷಗಳ 2 ಅವಧಿ.

ಇಂಟರ್ನ್‌ಶಿಪ್‌ನಲ್ಲಿ ನನಗೆ ಹಿರಿಯೂರು ತಾಲ್ಲೂಕಿನ ಒಂದು ಪ್ರೌಢಶಾಲೆ ದೊರೆತಿತ್ತು. ನ್ಯೂಟನ್ನನ ಎರಡನೆಯ ನಿಯಮಕ್ಕೆ ಪಠ್ಯಪುಸ್ತಕದಲ್ಲಿ ಕ್ರಿಕೆಟ್ ಆಟಗಾರನ ಉದಾಹರಣೆಯಿದೆ. ಚೆಂಡು ಹಿಡಿಯುವಾಗ ಆತ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಚೆಂಡು ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಬಲ ಕಡಿಮೆಯಾಗುತ್ತದೆ. ಶಾಲೆ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಕೂಗಳತೆಯ ದೂರದಲ್ಲಿದೆ. ಲಾರಿಗಳ ಹಾರ್ನ್ ಕೇಳದ ಪಾಠವೇ ಇರಲಿಲ್ಲ. ಹಾಗಾಗಿ ಕ್ರಿಕೆಟ್ ಬಿಟ್ಟು ಬೈಕನ್ನು ಆರಿಸಿಕೊಂಡೆ. ಪಾಠಯೋಜನೆಯ ಕಲಿಕಾ ಫಲಗಳಲ್ಲಿ ನಾಲ್ಕನೆಯದಾಗಿ ಹೀಗೆ ಬರೆದಿದ್ದೆ: ‘ದ್ವಿಚಕ್ರ ವಾಹನ ಸವಾರರು ಯಾವಾಗಲೂ ಸಂಪೂರ್ಣ ರಕ್ಷಣಾ ಉಡುಪು ಧರಿಸಬೇಕೆಂಬುದನ್ನು ವಿದ್ಯಾರ್ಥಿಗಳು ಪ್ರಶಂಸಿಸುವರು.’ ಮೌಲ್ಯ ಶಿಕ್ಷಣದ ಅಂಕಣ ಖಾಲಿ ಇರಬಾರದೆಂದು ಬರೆದ ವಾಕ್ಯ ಅದು. ಎರಡು ದಿನ ನನ್ನನ್ನು ಕಾಡಿದ್ದೂ ಅದೇ.

ಪೀಠಿಕೆಯಲ್ಲಿ ‘ಹೆಲ್ಮೆಟ್ ಏಕೆ ಹಾಕಬೇಕು?’ ಎಂದು ಕೇಳಿದೆ. ‘ಪೊಲೀಸ್ ಹಿಡೀತಾರೆ ಮಿಸ್’ ಎಂದು ಒಂದೇ ಸ್ವರದಲ್ಲಿ ಉತ್ತರ ಬಂತು. ದಂಡ 500 ರೂಪಾಯಿ ಎಂಬುದೂ ಅವರಿಗೆ ಗೊತ್ತು. ಕಟ್ಟಡ ಕೆಲಸದ ಹಳದಿ ಟೋಪಿಯನ್ನೇ ಹೆಲ್ಮೆಟ್ ಎಂದು ಹಾಕಿಕೊಂಡು ಟೋಲ್ ದಾಟುವವರ ಕತೆಯನ್ನು ಒಬ್ಬ ಹೇಳಿದ. ಪೂರ್ವಜ್ಞಾನವೆಂದು ನಾನು ಬರೆದುಕೊಂಡು ಹೋಗಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮುಂದಿನದು ಮೊಟ್ಟೆ ಚಟುವಟಿಕೆ. ಮೇಜಿನ ಎತ್ತರದಿಂದ ಹಸಿ ಮೊಟ್ಟೆಯನ್ನು ಸಿಮೆಂಟ್ ನೆಲದ ಮೇಲಿಟ್ಟ ತಟ್ಟೆಗೆ ಬೀಳಿಸುವುದು, ಇನ್ನೊಂದನ್ನು ಥರ್ಮಾಕೋಲ್ ಹಾಳೆಯ ಮೇಲೆ ಬೀಳಿಸುವುದು. ಮೊದಲನೆಯದು ಒಡೆಯುತ್ತದೆ, ಎರಡನೆಯದು ಉಳಿಯುತ್ತದೆ ಎಂದು ಯೋಜನೆಯಲ್ಲಿ ಬರೆದಿದ್ದೆ. ಎರಡೂ ಒಡೆದವು. ತರಗತಿ ನಕ್ಕಿತು. ‘ಹೆಲ್ಮೆಟ್ ಒಳಗೂ ಥರ್ಮಾಕೋಲೇ ಇರೋದು ಅಂದ್ರಲ್ಲ ಮಿಸ್?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಮನೆಯಲ್ಲಿ ಒಮ್ಮೆಯೂ ಮಾಡಿ ನೋಡದೆ ತಂದಿದ್ದರ ಫಲ.

ಆದರೆ ಆ ಎರಡನೆಯ ಮೊಟ್ಟೆ ನನ್ನ ಯೋಜನೆಗಿಂತ ಹೆಚ್ಚು ಕಲಿಸಿತು. ಥರ್ಮಾಕೋಲ್ ಹಾಳೆಯನ್ನು ಎತ್ತಿ ತೋರಿಸಿದೆ: ಮೊಟ್ಟೆ ಬಿದ್ದ ಜಾಗದಲ್ಲಿ ಗುಳಿಯೇ ಬಿದ್ದಿರಲಿಲ್ಲ. ಐವತ್ತು ಗ್ರಾಂ ಮೊಟ್ಟೆಗೆ ಅದು ಕಲ್ಲಿದ್ದ ಹಾಗೆ. ಅದೇ ಹಾಳೆಯನ್ನು ಒಬ್ಬ ಹುಡುಗ ಮೊಣಕೈಯಿಂದ ಗುದ್ದಿದಾಗ ಜಜ್ಜಿತು. ನಮ್ಮ ತಲೆ ನಾಲ್ಕೈದು ಕಿಲೋಗ್ರಾಂ ತೂಗುತ್ತದೆ, ಎಂದರೆ ಮೊಟ್ಟೆಯ ನೂರು ಪಟ್ಟು. ಹೆಲ್ಮೆಟ್ಟಿನ ಒಳಪದರ ಥರ್ಮಾಕೋಲ್ ಜಾತಿಯದೇ, ಆದರೆ ತಲೆ ಬಡಿದಾಗ ಜಜ್ಜಿಹೋಗುವಂತೆ ಅದರ ಸಾಂದ್ರತೆಯನ್ನು ಆರಿಸಿರುತ್ತಾರೆ. ಜಜ್ಜುವುದೇ ಅದರ ಕೆಲಸ. ಒಮ್ಮೆ ಜಜ್ಜಿದ್ದು ಮೊದಲಿನಂತಾಗುವುದಿಲ್ಲ. ಆದ್ದರಿಂದಲೇ ಅಪಘಾತ ಕಂಡ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು. ಕಟ್ಟಡದ ಟೋಪಿಯಲ್ಲಿ ಈ ಪದರವೇ ಇಲ್ಲ, ಅದು ಮೇಲಿಂದ ಬೀಳುವ ವಸ್ತುವಿಗಾಗಿ ಮಾಡಿದ್ದು. ಮೂರನೆಯ ಮೊಟ್ಟೆಯನ್ನು ಮುಖ್ಯೋಪಾಧ್ಯಾಯರ ಕುರ್ಚಿಯ ಸ್ಪಂಜಿನ ಮೇಲೆ ಬೀಳಿಸಿದೆವು. ಉಳಿಯಿತು.

ಇಲ್ಲಿಂದ ಲೆಕ್ಕ. ಸ್ಕೂಟರಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡೆವು. ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ 5.4 ಮೀಟರ್, ಗಂಟೆಗೆ ಸುಮಾರು 19.5 ಕಿಲೋಮೀಟರ್. ನಿಲ್ಲುವ ದೂರವನ್ನು ಬರಿತಲೆಗೆ 5 ಮಿಲಿಮೀಟರ್, ಹೆಲ್ಮೆಟ್ ಇದ್ದರೆ 25 ಮಿಲಿಮೀಟರ್ ಎಂದು ಊಹಿಸಿದೆವು. ಚಲನೆಯ ಸಮೀಕರಣವನ್ನು ಎರಡು ಸಲ ಬಳಸಿದರೆ ಒಂದು ಸರಳ ಫಲಿತಾಂಶ ಬರುತ್ತದೆ: ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ತಲೆಯ ವೇಗ ಇಳಿಯುವ ದರ ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಬರಿತಲೆಗೆ 300 ಪಟ್ಟು, ಹೆಲ್ಮೆಟ್ಟಿಗೆ 60 ಪಟ್ಟು. ಹಿಂದುಳಿದ ಮಕ್ಕಳೂ ಈ ಭಾಗಾಕಾರ ಮಾಡಿದರು. ಎರಡನೆಯ ನಿಯಮಕ್ಕೆ ಇದಕ್ಕಿಂತ ಹಗುರವಾದ ದಾರಿ ನನಗಿನ್ನೂ ಸಿಕ್ಕಿಲ್ಲ.

‘ಇದರಲ್ಲಿ ಗಾಡಿ ಸ್ಪೀಡೇ ಬರ್ಲಿಲ್ವಲ್ಲ ಮಿಸ್’ ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ. ಹೌದು, ಬಂದಿರಲಿಲ್ಲ. ನಾನೂ ಅದನ್ನು ಗಮನಿಸಿರಲಿಲ್ಲ. ತಲೆ ನೆಲಕ್ಕೆ ಬಡಿಯುವ ಲಂಬ ವೇಗವನ್ನು ನಿರ್ಧರಿಸುವುದು ಎತ್ತರ. ಗಾಡಿ 10 ಕಿಲೋಮೀಟರ್ ಜವದಲ್ಲಿದ್ದರೂ, ನಿಂತಲ್ಲೇ ವಾಲಿದರೂ ತಲೆ ಬೀಳುವುದು ಅಷ್ಟೇ ಎತ್ತರದಿಂದ. ‘ಇಲ್ಲೇ ಅಂಗಡಿಗೆ ಹೋಗಿ ಬರ್ತೀನಿ’ ಎನ್ನುವಾಗಲೂ ಆ 1.5 ಮೀಟರ್ ನಮ್ಮ ಜೊತೆಗೇ ಬರುತ್ತದೆ. ಗೋಡೆಗೋ ಎದುರಿನ ವಾಹನಕ್ಕೋ ತಲೆ ಹೊಡೆದರೆ ಮುಂದಿನ ವೇಗವೂ ಸೇರಿಕೊಳ್ಳುತ್ತದೆ ಎಂದು ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ತಿದ್ದಿದ್ದಾರೆ. ಅದು ಸರಿ. ಆದರೂ ಕೆಳಮಿತಿಯನ್ನು ಎತ್ತರವೇ ಹಾಕಿಬಿಡುತ್ತದೆ.

ಅವಧಿ ಮುಗಿಯಲು ಎಂಟು ನಿಮಿಷವಿತ್ತು. ಪರಿಣಾಮಕಾರಿ ಮುಕ್ತಾಯವಾಗಲೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ದೇಶದ ರಸ್ತೆ ಅಪಘಾತಗಳಲ್ಲಿ ಮೃತರಾದವರು 1,68,491. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು 74,897. ಹೆಲ್ಮೆಟ್ ಧರಿಸದೆ ಮೃತರಾದವರು 50,029. ಒಬ್ಬ ಹುಡುಗ ಕಳೆದು ನೋಡಿ ಎದ್ದು ನಿಂತ: ‘ಹಂಗಾದ್ರೆ ಸುಮಾರು ಇಪ್ಪತ್ತೈದು ಸಾವಿರ ಜನ ಹಾಕ್ಕೊಂಡೂ ಸತ್ರಲ್ಲ ಮಿಸ್?’

ನಾನು ತಡವರಿಸಿದೆ. ‘ಅವರು ಸರಿಯಾಗಿ ಹಾಕಿರಲಿಲ್ಲ’ ಎಂದುಬಿಟ್ಟೆ. ಅದಕ್ಕೆ ನನ್ನಲ್ಲಿ ಆಧಾರವಿರಲಿಲ್ಲ. ಟೀಕಾಪಾಠದ ಚರ್ಚೆಯಲ್ಲಿ ಸಹಪಾಠಿಗಳು ನನ್ನ ಧ್ವನಿ, ಹಲಗೆ ಬರಹ, ಉಪಕರಣಗಳ ಬಗ್ಗೆ ಮಾತನಾಡಿದರು. ಈ ಉತ್ತರವನ್ನು ಹಿಡಿದವರು ಮಾರ್ಗದರ್ಶಕರು ಮಾತ್ರ. ‘ಧರಿಸದೆ ಸತ್ತವರು ಬೇರೆ, ಧರಿಸದ ಕಾರಣ ಸತ್ತವರು ಬೇರೆ. ಮೊದಲನೆಯದನ್ನು ಎಣಿಸಿದ್ದಾರೆ, ಎರಡನೆಯದನ್ನು ನೀನು ಓದಿಕೊಂಡೆ’ ಎಂದರು. ರಸ್ತೆಯಲ್ಲಿ ಹೆಲ್ಮೆಟ್ ಹಾಕಿ ಓಡಾಡುವವರೆಷ್ಟು, ಹಾಕದವರೆಷ್ಟು ಎಂಬುದು ತಿಳಿಯದೆ ಆ ಎರಡು ಸಂಖ್ಯೆಗಳನ್ನು ಹೋಲಿಸಲಾಗದು. ಎದೆಗೆ, ಹೊಟ್ಟೆಗೆ ಏಟಾಗಿ ಸಾಯುವವರನ್ನು ಹೆಲ್ಮೆಟ್ ಉಳಿಸಲೂ ಆಗದು.

ಎರಡನೆಯ ದಿನದ ಮೊದಲ ಹತ್ತು ನಿಮಿಷ ನನ್ನ ಉತ್ತರ ತಪ್ಪೆಂದು ಒಪ್ಪಿಕೊಳ್ಳಲು ಹೋಯಿತು. ಹೋಲಿಕೆಯನ್ನು ಹೇಗೆ ಮಾಡಬೇಕೆಂಬುದಕ್ಕೆ ಒಂದು ಕತೆ ಹೇಳಿದೆ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್, ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದವನು, ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ, ಆರು ದಿನಗಳ ನಂತರ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕ ಒಬ್ಬರು. ಮುಂದೆ ಅವರು ಸೈನ್ಯದ ಮೋಟಾರ್ ಸೈಕಲ್ ಸವಾರರ ತಲೆಗಾಯಗಳನ್ನು, ಹೆಲ್ಮೆಟ್ ಇದ್ದಾಗ ಮತ್ತು ಇಲ್ಲದಾಗ, ಬಿಡಿಬಿಡಿಯಾಗಿ ಅಧ್ಯಯನ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದರು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಪತ್ರವಾಹಕ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಮಕ್ಕಳಿಗೆ ಲಾರೆನ್ಸ್ ಯಾರೆಂದು ಗೊತ್ತಿರಲಿಲ್ಲ, ಸೈಕಲ್ ಹುಡುಗರಿಗೆ ಏನಾಯಿತೆಂದು ಕೇಳಿದರು. ಆ ಹುಡುಗರು ಬದುಕಿದರು.

ನಂತರ ಉಳಿದ ಉಡುಪು. ಜಾಕೆಟ್, ಕೈಗವಸು, ಶೂ ಇವು ಮುಖ್ಯವಾಗಿ ಉಜ್ಜುವಿಕೆಯಿಂದ ಕಾಪಾಡುವಂಥವು. ಬಿದ್ದ ದೇಹ ಡಾಂಬರಿನ ಮೇಲೆ ಜಾರುವ ದೂರವನ್ನು ಲೆಕ್ಕ ಹಾಕಿದೆವು. ಘರ್ಷಣಾ ಗುಣಾಂಕ 0.6 ಎಂದಿಟ್ಟುಕೊಂಡರೆ 20 ಕಿಲೋಮೀಟರ್ ಜವಕ್ಕೆ 2.6 ಮೀಟರ್, 40ಕ್ಕೆ 10.5 ಮೀಟರ್, 60ಕ್ಕೆ 23.6 ಮೀಟರ್. ಇಲ್ಲಿ ಎತ್ತರಕ್ಕೆ ಕೆಲಸವಿಲ್ಲ, ಜವದ ವರ್ಗಕ್ಕೆ ಕೆಲಸ. 10.5 ಮೀಟರ್ ಎಷ್ಟೆಂದು ತೋರಿಸಲು ವರಾಂಡದಲ್ಲಿ ಹೆಜ್ಜೆ ಹಾಕಿಸಿದೆ. ನಮ್ಮ ಕೊಠಡಿಯ ಬಾಗಿಲಿನಿಂದ ಹೊರಟವರು ಪಕ್ಕದ ಕೊಠಡಿಯನ್ನೂ ದಾಟಿದರು.

ಇಟ್ಟಿಗೆಗೆ ಬಟ್ಟೆ ಸುತ್ತಿ ಒರಟು ಸಿಮೆಂಟಿನ ಮೇಲೆ ಎಳೆಯುವ ಚಟುವಟಿಕೆಯನ್ನು ಈ ಸಲ ಮೊದಲೇ ಮಾಡಿ ನೋಡಿದ್ದೆ. ಸಮವಸ್ತ್ರದ ಬಟ್ಟೆ ವರಾಂಡದ ಅರ್ಧಕ್ಕೇ ತೂತಾಯಿತು. ಹಳೆಯ ಜೀನ್ಸ್ ಎರಡು ಸುತ್ತು ತಾಳಿತು. ಹರಿದ ಚರ್ಮದ ಚೀಲದ ತುಂಡಿಗೆ ಬರೀ ಗೀರು ಬಿತ್ತು. ಕೊನೆಗೆ ನನ್ನ ಹಳೆಯ ಪಾಲಿಯೆಸ್ಟರ್ ಸೀರೆಯ ತುಂಡು: ಇಟ್ಟಿಗೆಯ ಮೂಲೆಯಲ್ಲಿ ಚಿಂದಿಯಾಯಿತು. ಪಾಲಿಯೆಸ್ಟರ್ ಘರ್ಷಣೆಯ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟಿಕೊಳ್ಳಲೂ ಬಹುದು ಎಂದು ವಿವರಿಸುತ್ತಿದ್ದೆ.

‘ನೀವು ದಿನಾ ಸೀರೇಲೇ ಸ್ಕೂಟಿ ಓಡಿಸ್ಕೊಂಡು ಬರ್ತೀರಲ್ಲ ಮಿಸ್?’

ಕೇಳಿದ್ದು ನಿನ್ನೆಯ ಅದೇ ಹುಡುಗಿ. ಅಧಿಕಪ್ರಸಂಗದ ದನಿ ಇರಲಿಲ್ಲ. ನಾನು ದಿನಕ್ಕೆ 14 ಕಿಲೋಮೀಟರ್ ಹೋಗಿ 14 ಬರುತ್ತೇನೆ, ಅದರಲ್ಲಿ ಹೆದ್ದಾರಿಯ ಸರ್ವಿಸ್ ರಸ್ತೆಯೂ ಸೇರಿದೆ. ತಲೆಗೆ ಐಎಸ್ಐ ಗುರುತಿನ ಹೆಲ್ಮೆಟ್ ಇದೆ. ಕೆಳಗೆ ಪಿನ್ನು ಹಾಕಿದ ಸೀರೆ, ಕಾಲಿಗೆ ಚಪ್ಪಲಿ. ಬೋಧನಾಭ್ಯಾಸಕ್ಕೆ ವಿದ್ಯಾರ್ಥಿನಿಯರು ಸೀರೆಯಲ್ಲೇ ಬರಬೇಕೆಂಬುದು ನಮ್ಮಲ್ಲಿ ನಡೆದು ಬಂದ ನಿಯಮ. ಅದನ್ನು ಮಕ್ಕಳ ಮುಂದೆ ಹೇಳಬೇಕೋ ಬೇಡವೋ ತೋಚದೆ, ‘ಹೌದು, ನನ್ನ ಉಡುಪೂ ಈ ಪರೀಕ್ಷೆಯಲ್ಲಿ ಫೇಲು’ ಎಂದೆ. ಸೀರೆಯನ್ನು ಕಾನೂನು ಮರೆತಿಲ್ಲ ಎಂದೂ ಸೇರಿಸಿದೆ. ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರಕ್ಕೆ ಕಾವಲು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮವೇ ಹೇಳುತ್ತದೆ. ಅದು ಚಕ್ರದ ಮಾತು, ಡಾಂಬರಿನ ಮಾತಲ್ಲ.

ಆಮೇಲೆ ಚರ್ಚೆ ನನ್ನ ಕೈಯಲ್ಲಿ ಉಳಿಯಲಿಲ್ಲ, ಉಳಿಯದಿದ್ದುದೇ ಒಳ್ಳೆಯದಾಯಿತು. ‘ಬೇಸಿಗೇಲಿ ಜಾಕೆಟ್ ಹಾಕಿದ್ರೆ ಬೆಂದೋಗ್ತೀವಿ’ ಎಂದನೊಬ್ಬ. ಸಾಧಾರಣ ಜಾಕೆಟ್ಟಿಗೇ ನಾಲ್ಕೈದು ಸಾವಿರವೆಂದಾಗ ತರಗತಿ ಒಮ್ಮೆ ಸುಮ್ಮನಾಯಿತು. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡುತ್ತದೆ, ಜಾಕೆಟ್ಟಿನ ಹೆಸರೆತ್ತುವುದಿಲ್ಲ. ಹೆಲ್ಮೆಟ್ಟಿಗೆ ಐಎಸ್ 4151 ಎಂಬ ಮಾನಕವಿದೆ, 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ಮಾರುವಂತಿಲ್ಲ. ಅಂಗಡಿಯಲ್ಲಿ ‘ರೈಡಿಂಗ್ ಜಾಕೆಟ್’ ಎಂದು ಮಾರುವ ಎಲ್ಲವೂ ಜಾಕೆಟ್ಟಲ್ಲ. ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೊಳಗಾದ 212 ಸವಾರರನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸವಾರಿಗೆಂದೇ ಮಾಡಿದ ಜಾಕೆಟ್, ಪ್ಯಾಂಟ್, ಕೈಗವಸು ಹಾಕಿದವರು ಆಸ್ಪತ್ರೆಗೆ ದಾಖಲಾಗುವ ಸಂಭವ ಕಡಿಮೆಯಿತ್ತು. ಆದರೆ ಆ ಉಡುಪುಗಳಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ಅಪಘಾತದಲ್ಲಿ ಹರಿದು ಕೈಕೊಟ್ಟಿದ್ದವು. ಅವು ಉಳಿಸಿದ್ದು ಹೆಚ್ಚಾಗಿ ಚರ್ಮವನ್ನು, ಮೂಳೆಗಳನ್ನಲ್ಲ.

ಇಷ್ಟಾದ ಮೇಲೆ ನಾಲ್ಕನೆಯ ಕಲಿಕಾ ಫಲವನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ‘ಯಾವಾಗಲೂ’ ಎಂಬ ಪದ ಎತ್ತರಕ್ಕೆ ಸಂಬಂಧಿಸಿದ ಅಪಾಯಕ್ಕೆ ಸಲ್ಲುತ್ತದೆ. ಎತ್ತರ ಯಾವ ಪ್ರಯಾಣದಲ್ಲೂ ಬದಲಾಗುವುದಿಲ್ಲ. ಜವಕ್ಕೆ ಸಂಬಂಧಿಸಿದ ಅಪಾಯಕ್ಕೆ ‘ಎಷ್ಟು ಜವಕ್ಕೆ ಎಷ್ಟು’ ಎಂದು ಕೇಳಬೇಕು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿ ‘ಸಂಪೂರ್ಣ ಉಡುಪು ಯಾವಾಗಲೂ’ ಎಂದು ಹೇಳಿಕೊಟ್ಟರೆ, ಜಾಕೆಟ್ ಕೊಳ್ಳಲಾಗದ ಮನೆಯ ಮಗು ಹೆಲ್ಮೆಟ್ಟನ್ನೂ ಅದೇ ಗಂಟಿಗೆ ಕಟ್ಟಿ ಪಕ್ಕಕ್ಕಿಡುತ್ತದೆ. ನನ್ನ ಮುಂದೆಯೇ ಒಬ್ಬ ‘ಎಲ್ಲಾ ಹಾಕೋಕಾಗಲ್ಲ, ಬಿಡಿ ಮಿಸ್’ ಎಂದಿದ್ದ. ತಿದ್ದಿದ ಫಲ ಹೀಗಿದೆ: ‘ವಿದ್ಯಾರ್ಥಿಗಳು ಒಂದು ನಿರ್ದಿಷ್ಟ ಪ್ರಯಾಣಕ್ಕೆ ಯಾವ ರಕ್ಷಣೆ ಅಗತ್ಯವೆಂಬುದನ್ನು ಎತ್ತರ ಮತ್ತು ಜವದ ಆಧಾರದಿಂದ ಕಾರಣ ಸಹಿತ ನಿರ್ಧರಿಸುವರು.’ ಮೌಲ್ಯದ ಅಂಕಣಕ್ಕೆ ಇದು ಸೇರುವುದಿಲ್ಲವೆಂದು ಒಬ್ಬ ಸಹಪಾಠಿ ಹೇಳಿದಳು. ಇರಬಹುದು.

ಈ ಪಾಠವನ್ನು ಮುಂದೆ ತೆಗೆದುಕೊಳ್ಳುವವರು ಮೊಟ್ಟೆಯನ್ನು ಮನೆಯಲ್ಲಿ ಪರೀಕ್ಷಿಸಿಕೊಳ್ಳಿ, ಆದರೆ ಥರ್ಮಾಕೋಲಿನ ಮೇಲೆ ಒಡೆಯುವುದನ್ನು ಬಿಡಬೇಡಿ. ಬೋಧಕರಲ್ಲಿ ಒಂದು ವಿನಂತಿಯೂ ಇದೆ: ಸ್ಕೂಟರಿನಲ್ಲಿ ಶಾಲೆಗೆ ಹೋಗುವ ವಿದ್ಯಾರ್ಥಿನಿಯರು ಚೂಡಿದಾರ ಮತ್ತು ಶೂ ಹಾಕಿಕೊಂಡು ಹೋಗಿ ಶಾಲೆಯಲ್ಲಿ ಸೀರೆ ಉಡಲು ಅಥವಾ ಚೂಡಿದಾರದಲ್ಲೇ ಪಾಠ ಮಾಡಲು ಅವಕಾಶವಿದ್ದರೆ, ಇಟ್ಟಿಗೆ ಚಟುವಟಿಕೆಯನ್ನು ಮಾಡಿಸುವಾಗ ನಮಗೆ ತಲೆ ತಗ್ಗಿಸುವ ಪ್ರಮೇಯ ಬರುವುದಿಲ್ಲ.

ಮೌಲ್ಯಮಾಪನದ ಪ್ರಶ್ನೆ: ‘ನಿಮ್ಮ ಮನೆಯವರ ಒಂದು ಪ್ರಯಾಣಕ್ಕೆ ಬೇಕಾದ ರಕ್ಷಣೆಯನ್ನು ಕಾರಣ ಸಹಿತ ಬರೆಯಿರಿ. 4 ಅಂಕ.’ ಒಬ್ಬ ಹುಡುಗ ಬರೆದದ್ದು: ಅಪ್ಪ ತೋಟಕ್ಕೆ ಎಕ್ಸೆಲ್‌ನಲ್ಲಿ 20ರ ಮೇಲೆ ಓಡಿಸುವುದಿಲ್ಲ, ಹೆಲ್ಮೆಟ್ ಬೇಕು, ಯಾಕೆಂದರೆ ಅಪ್ಪನ ಎತ್ತರ ತೋಟದಲ್ಲೂ ಅಷ್ಟೇ, ಶೂ ಬೇಕು, ಜಾಕೆಟ್ ಬೇಡ, ದಪ್ಪ ಅಂಗಿ ಸಾಕು, ಆದರೆ ತೆಂಗಿನಕಾಯಿ ಹೇರಿಕೊಂಡು ಹೈವೇಗೆ ಹೋಗುವ ದಿನ ಏನು ಮಾಡುವುದು ಗೊತ್ತಿಲ್ಲ, ಅಣ್ಣನ ಹಳೇ ಜೀನ್ಸ್ ಕೋಟು ಇದೆ. ಇನ್ನೊಬ್ಬಳು ಒಂದೇ ಸಾಲು ಬರೆದಿದ್ದಳು: ಎಲ್ಲರೂ ಯಾವಾಗಲೂ ಸಂಪೂರ್ಣ ರಕ್ಷಣಾ ಉಡುಪು ಧರಿಸಬೇಕು. ನಾನು ಮೊದಲ ದಿನ ತಯಾರಿಸಿದ ಉತ್ತರ ಸೂಚಿಯ ಪ್ರಕಾರ ಅವಳಿಗೆ 4, ಅವನಿಗೆ 2. ಸೂಚಿಯನ್ನು ಹರಿದು ಹಾಕಿ ಇಬ್ಬರ ಉತ್ತರವನ್ನೂ ಮತ್ತೊಮ್ಮೆ ಓದಲು ಕುಳಿತೆ.